ತಲ್ಯಾಗ ಲೈಟ್ ಹತ್ತಂಗಿಲ್ಲ

ಗಂಗಾವತಿಯ ಗೆಳೆಯರೇ,

‘ಮೋಟು ಪತ್ಲು: ಮರೆಯದ ನಗೆ, ಮುಗಿಯದ ಮೀಮ್’ ಎಂಬ ನಿಮ್ಮ ಲೇಖನ ಬಂದು ಮುಟ್ಟಿದೆ. ಅಕ್ಷರತಪ್ಪು ಕಡಿಮೆ. ಲೋಟ್‌ಪೋಟ್ ಎಂಬ ಹಿಂದಿ ಮಕ್ಕಳ ಪತ್ರಿಕೆಯ ಈ ಜೋಡಿ 2012ರಲ್ಲಿ ಕಾರ್ಟೂನ್ ಆಗಿ ನಿಕ್ ಚಾನೆಲ್‌ಗೆ ಬಂದ ಕಥೆ ಚೊಕ್ಕವಾಗಿದೆ. ಇನ್ಸ್‌ಪೆಕ್ಟರ್ ಚಿಂಗಮ್ ಬಗ್ಗೆ ಬರೆದಿರುವುದನ್ನು ಇನ್ನೊಮ್ಮೆ ಮಾತಾಡೋಣ. ಇವತ್ತು ಎರಡೇ ವಿಷಯ. ಎರಡೂ ನನ್ನನ್ನು ನಿನ್ನೆ ರಾತ್ರಿಯಿಂದ ಕಾಡುತ್ತಿವೆ.

ಮೊದಲ ಪುಟದ ನಾಲ್ಕನೇ ಸಾಲು ನೋಡಿ. ಹಸಿದ ಮೋಟು ಸಮೋಸ ಕೇಳುವಾಗ ಹೇಳುವ ಮಾತು ನಮ್ಮ ಕಡೆ ಹಿಂದಿ ಬಾರದ ಮಕ್ಕಳಿಗೂ ಬಾಯಿಪಾಠ: ‘ಖಾಲಿ ಪೇಟ್ ಮೇರೆ ದಿಮಾಗ್ ಕೀ ಬತ್ತೀ ನಹೀಂ ಜಲ್ತೀ’. ನೀವು ಅದನ್ನು ‘ಖಾಲಿ ಹೊಟ್ಟೆಯಲ್ಲಿ ನನ್ನ ಮಿದುಳಿನ ದೀಪವು ಬೆಳಗುವುದಿಲ್ಲ’ ಎಂದು ಬರೆದಿದ್ದೀರಿ. ಹಸಿದವರು ಯಾರು ಹೀಗೆ ಮಾತಾಡ್ತಾರೆ? ಬೆಳಗುವುದು ದೇವರ ಮುಂದಿನ ದೀಪ. ಇಲ್ಲಿ ಬೇಕಿದ್ದದ್ದು ಕರೆಂಟು ಹೋದ ಮನೆಯ ಬಲ್ಬು.

ಮೂರನೇ ಪುಟಕ್ಕೆ ಬಂದರೆ ನಿಮ್ಮ ಅಕ್ಕನ ಮಗ ಹೋಮ್‌ವರ್ಕ್ ಮಾಡಲು ಕೂತಿದ್ದಾನೆ. ಹೊರಗೆ ಬಂಡಿಯವನು ಎಣ್ಣೆಗೆ ಮಿರ್ಚಿ ಬಿಡುವ ಸದ್ದು. ಹುಡುಗ ಪೆನ್ಸಿಲ್ ಕೆಳಗಿಟ್ಟು, ‘ಯವ್ವಾ, ಮಿರ್ಚಿ ತಿನ್ನೂತನಕ ನನ್ನ ತಲ್ಯಾಗ ಲೈಟ್ ಹತ್ತಂಗಿಲ್ಲ’ ಅಂತಾನೆ. ಇದನ್ನು ಓದಿ ನಾನು ಜೋರಾಗಿ ನಕ್ಕೆ. ಸಮೋಸ ಹೋಗಿ ಮಿರ್ಚಿ ಬಂತು, ಬತ್ತಿ ಹೋಗಿ ಲೈಟ್ ಬಂತು. ಸರಿಯಾದ ಕನ್ನಡ ನಿಮ್ಮ ಮನೆಯಲ್ಲೇ ಇತ್ತು, ಒಬ್ಬ ಹುಡುಗನ ಬಾಯಲ್ಲಿ. ಅದನ್ನು ಮೂರನೇ ಪುಟದ ಮೂಲೆಗೆ ಯಾಕೆ ತಳ್ಳಿದಿರಿ?

ಟೀವಿಯಲ್ಲಿ ಮೋಟು, ಪತ್ಲು ಇಬ್ಬರಿಗೂ ದನಿ ಕೊಟ್ಟವರು ಸೌರವ್ ಚಕ್ರವರ್ತಿ ಒಬ್ಬರೇ. ಅವರು ದನಿ ಏರಿಸಿ ಇಳಿಸಿ ಇಬ್ಬರಾಗುತ್ತಾರೆ. ಕಾಗದದ ಮೇಲೆ ನಮಗೆ ಆ ಅನುಕೂಲ ಇಲ್ಲ. ಆಡುಮಾತು ಒಂದೇ ನಮ್ಮ ಕೈಯಲ್ಲಿರುವುದು, ಅಲ್ವಾ?

ಎರಡನೆಯದು ಇದಕ್ಕಿಂತ ಜಾಸ್ತಿ ನೋಯಿಸಿತು. ಅದೇ ಕಾರ್ಟೂನಿನ ಘಸೀಟಾರಾಮ್ ಯಾವ ಕೆಲಸ ಎದುರಾದರೂ ಅದರಲ್ಲಿ ತನಗೆ ಇಪ್ಪತ್ತು ವರ್ಷದ ಅನುಭವ ಇದೆ ಅಂತಾನೆ. ನಿಮ್ಮ ಗೆಳೆಯರ ವಾಟ್ಸಾಪ್ ಗುಂಪಿನಲ್ಲಿ ಅವನ ಚಿತ್ರದ ಕೆಳಗೆ ಯಾರೋ ಬರೆದರಂತೆ: ‘ಬೋರ್ ಪಾಯಿಂಟ್ ತೋರ್ಸೋದ್ರಾಗ ಇಪ್ಪತ್ತು ವರ್ಷದ ಅನುಭವ’. ಎಂಥ ಮೀಮ್! ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಹೊಲದ ತುಂಬ ಓಡಾಡುವವರನ್ನು ಕೊಪ್ಪಳ, ರಾಯಚೂರು ಕಡೆ ನೋಡದವರು ಯಾರು? ಅಲ್ಲಿಗೆ ನಿಲ್ಲಿಸಬೇಕಿತ್ತು. ನೀವು ಮುಂದುವರಿಸಿದಿರಿ: ‘ಇಲ್ಲಿ ಹಾಸ್ಯವೇನೆಂದರೆ, ಒಬ್ಬನಿಗೇ ಎಲ್ಲ ಕೆಲಸಗಳಲ್ಲಿ ಅನುಭವ ಇರಲು ಸಾಧ್ಯವಿಲ್ಲ.’ ಆಮೇಲೆ, ‘ನೀರು ಬೀಳದ ಬೋರ್‌ವೆಲ್‌ಗಳ ಬಗ್ಗೆ ಇದೊಂದು ವಿಡಂಬನೆ.’ ಕೊನೆಗೆ, ‘ಇದನ್ನು ನೋಡಿ ನಾವೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕೆವು.’ ಮೂರನ್ನೂ ಹೊಡೆದುಹಾಕಿದ್ದೇನೆ. ಮೊದಲ ಎರಡು ಓದುಗರ ಬುದ್ಧಿಯನ್ನು ನಂಬುವುದಿಲ್ಲ. ಮೂರನೆಯದು ಓದುಗರು ನಗುವ ಮೊದಲೇ ನೀವು ನಕ್ಕುಬಿಟ್ಟಂತೆ.

ನಾನು ಕೆಲಸ ಕಲಿತದ್ದು ಬಳ್ಳಾರಿಯ ಒಂದು ಸಣ್ಣ ವಾರಪತ್ರಿಕೆಯಲ್ಲಿ. ಆಗಿನ್ನೂ ಅಕ್ಷರದ ಮೊಳೆ ಜೋಡಿಸಿ ಅಚ್ಚು ಹಾಕುವ ಕಾಲ. ನಮ್ಮೂರಿಗೆ ತೊಗಲುಗೊಂಬೆ ಆಟ ಬಂದಿತ್ತು. ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತಲ್ಲ, ಅದೇ ಕಲೆ. ಆಟದಲ್ಲಿ ನಗಿಸುವ ಗೊಂಬೆ ಕಿಲ್ಲೇಕ್ಯಾತ ಪರದೆಗೆ ಬಂದು ಹೆಂಡತಿ ಬಂಗಾರಕ್ಕನ ಜೊತೆ ಜಗಳ ತೆಗೆಯುವುದನ್ನು ನಾನು ಬಹಳ ಪ್ರೀತಿಯಿಂದ ಬರೆದೆ. ಬರೆದು, ಕೆಳಗೆ ನಾಲ್ಕು ಸಾಲು ‘ಒಳಾರ್ಥ’ ಸೇರಿಸಿದೆ. ಮೊಳೆ ಜೋಡಿಸುವ ಹಿರಿಯರು ನನ್ನ ಹಾಳೆ ಹಿಡಿದು ಮೇಜಿನ ಹತ್ತಿರ ಬಂದರು. ಬೆರಳ ತುದಿ ಮಸಿಯಿಂದ ಕಪ್ಪಾಗಿತ್ತು. ಆ ಬೆರಳನ್ನು ನಾಲ್ಕು ಸಾಲಿನ ಮೇಲಿಟ್ಟು ಕೇಳಿದರು: ‘ಇದನ್ನ ಒಂದೊಂದಾ ಮೊಳಿ ಆರಿಸಿ ಜೋಡಿಸಬೇಕು ನಾನು. ಆಟದಾಗ ಇದನ್ನ ಯಾರರ ಮಂದಿಗೆ ಹೇಳಿದ್ರೇನು?’ ಯಾರೂ ಹೇಳಿರಲಿಲ್ಲ. ಪರದೆಯ ಹಿಂದಿನವರು ಮಾತು ಬಿಟ್ಟು, ಜನ ನಕ್ಕು ಮುಗಿಸುವ ತನಕ ಗೊಂಬೆಯನ್ನು ಅಲುಗಾಡಿಸದೆ ಹಿಡಿದಿದ್ದರು. ಅದು ನನ್ನ ಕಣ್ಣಿಗೆ ಬಿದ್ದಿತ್ತು. ಬರೆಯುವಾಗ ಮರೆತಿದ್ದೆ. ಆ ಸಾಲುಗಳ ಮೇಲೆ ಉಳಿದ ಮಸಿಯ ಗುರುತು ಇವತ್ತಿಗೂ ನೆನಪಿದೆ.

ನಿಮ್ಮ ಹಸ್ತಪ್ರತಿ ವಾಪಸ್ ಕಳಿಸುತ್ತಿದ್ದೇನೆ. ಹೊಡೆದ ಸಾಲುಗಳಿಗೆ ಬದಲಿ ಬರೆಯಬೇಡಿ, ಜಾಗ ಖಾಲಿ ಇರಲಿ. ಮಿರ್ಚಿಯ ಹುಡುಗನಿಂದಲೇ ಲೇಖನ ಶುರು ಮಾಡಿ. ಮತ್ತೆ, ಅವನು ಹಾಗೆ ಅಂದಾಗ ನಿಮ್ಮ ಅಕ್ಕ ಏನಂದರು? ಅದನ್ನು ನೀವು ಬರೆದೇ ಇಲ್ಲ.