ದಿವಾಳಿಯಾದ ಮೇಲೆ ಮತ್ತೆ ಕಟ್ಟಿದ ಉದ್ದಿಮೆ ಬಾಳಿಕೆ ಬಂದದ್ದುಂಟೇ?

ಪಾಲುದಾರಿಕೆಯಲ್ಲಿ ನಡೆಸುತ್ತಿದ್ದ ಉಪ್ಪಿನಕಾಯಿ ಘಟಕವನ್ನು ಸಾಲದ ಕಾರಣಕ್ಕೆ ಮುಚ್ಚಬೇಕಾಯಿತೆಂದೂ, ಮಾವಿನಮಿಡಿ ಮತ್ತು ಎಣ್ಣೆ ಕೊಟ್ಟವರ ಬಾಕಿ ಇನ್ನೂ ಉಳಿದಿದೆಯೆಂದೂ, ಪತ್ನಿಯ ಹೆಸರಿನಲ್ಲಿ ಮತ್ತೆ ಆರಂಭಿಸುವ ಯೋಚನೆಯಿದೆಯೆಂದೂ ಬರೆದಿದ್ದೀರಿ. ಹೀಗೆ ನೆಲಕಚ್ಚಿದವರು ಬಹುಕಾಲ ನಿಲ್ಲುವ ಉದ್ದಿಮೆ ಕಟ್ಟಿದ ಉದಾಹರಣೆ ನಿಜವಾಗಿಯೂ ಇದೆಯೇ ಎಂಬುದು ನಿಮ್ಮ ಪ್ರಶ್ನೆ. ಇದೆ; ಅದೂ ನಿಮ್ಮದೇ ಕಸುಬಿನದು. ಸಣ್ಣ ಉದ್ದಿಮೆಗಳ ಲೆಕ್ಕಪತ್ರ ನೋಡುವುದು ನನ್ನ ವೃತ್ತಿ. ನಿಮ್ಮಂಥ ಪರಿಸ್ಥಿತಿಯಲ್ಲಿರುವವರಿಗೆಲ್ಲ ನಾನು ಅಮೆರಿಕದ ಹೆನ್ರಿ ಜಾನ್ ಹೈಂಜ್ ಅವರ ವೃತ್ತಾಂತವನ್ನು ಹೇಳುತ್ತೇನೆ. ಕೆಚಪ್ ಬಾಟಲಿಯ ಮೇಲೆ ಕಾಣುವ ಹೈಂಜ್ ಎಂಬ ಹೆಸರು ಅವರದೇ.

1844ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಜರ್ಮನಿಯಿಂದ ವಲಸೆ ಬಂದ ತಂದೆತಾಯಿಗೆ ಹುಟ್ಟಿದ ಹೈಂಜ್, 1869ರಲ್ಲಿ ಗೆಳೆಯನೊಬ್ಬನ ಜೊತೆ ಸೇರಿ ಹಾರ್ಸ್‌ರ‍್ಯಾಡಿಶ್ ಎಂಬ ಖಾರದ ಬೇರನ್ನು ತುರಿದು ಬಾಟಲಿಯಲ್ಲಿ ತುಂಬಿ ಮಾರತೊಡಗಿದರು. ಆ ಕಾಲದಲ್ಲಿ ಇತರರು ಅದಕ್ಕೆ ಅಗ್ಗದ ಗೆಡ್ಡೆಗಳನ್ನು ಬೆರೆಸಿ, ಬೆರಕೆ ಕಾಣದಂತೆ ಬಣ್ಣದ ಗಾಜಿನ ಬಾಟಲಿಗಳಲ್ಲಿ ಮಾರುತ್ತಿದ್ದರೆ, ಹೈಂಜ್ ಪಾರದರ್ಶಕ ಬಾಟಲಿಯನ್ನೇ ಆರಿಸಿಕೊಂಡರು. ವ್ಯಾಪಾರ ಬೇಗ ಬೆಳೆಯಿತು. 1873ರಲ್ಲಿ ಜೇ ಕುಕ್ ಅವರ ಬ್ಯಾಂಕಿಂಗ್ ಸಂಸ್ಥೆ ಕುಸಿದು ದೇಶವೆಲ್ಲ ಹಣದ ಬಿಕ್ಕಟ್ಟಿಗೆ ಸಿಕ್ಕಿತು. ಬ್ಯಾಂಕುಗಳು ಸಾಲ ಕೊಡುವುದನ್ನು ಬಿಗಿಗೊಳಿಸಿದವು. ಆದರೂ ಹೈಂಜ್ ಅವರ ಸಂಸ್ಥೆ ಇನ್ನೆರಡು ವರ್ಷ ತಡೆದುಕೊಂಡಿತು.

ಅದನ್ನು ಮುಳುಗಿಸಿದ್ದು ಸೌತೆಕಾಯಿ. ಇಲಿನಾಯ್ ರಾಜ್ಯದ ಬೆಳೆಗಾರರ ಸೌತೆಯನ್ನು ಬುಶೆಲ್ ಎಂಬ ಅಳತೆಗೆ 60 ಸೆಂಟ್‌ನಂತೆ ಕೊಳ್ಳುವುದಾಗಿ ಸಂಸ್ಥೆ ಮೊದಲೇ ಒಪ್ಪಿಕೊಂಡಿತ್ತು. 1875ರಲ್ಲಿ ನಿರೀಕ್ಷೆಯನ್ನು ಮೀರಿ ಫಸಲು ಬಂತು, ಗಾಡಿಗಟ್ಟಲೆ ಕಾಯಿ ಬಂದು ಬೀಳತೊಡಗಿತು, ಪೇಟೆಯಲ್ಲಿ ಧಾರಣೆ ಇಳಿಯಿತು, ಆದರೆ ಒಪ್ಪಂದದ ದರ ಇಳಿಯಲಿಲ್ಲ. ಸಾಲ ಸಿಗದ ಹೊತ್ತಿನಲ್ಲಿ ನಗದು ಪಾವತಿ ಏರುತ್ತಲೇ ಹೋಗಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಸಂಸ್ಥೆ ದಿವಾಳಿಯಾಯಿತು. ಇಲ್ಲಿ ಗಮನಿಸಬೇಕಾದದ್ದೆಂದರೆ, ಸರಕು ಕೆಟ್ಟದ್ದಾಗಿರಲಿಲ್ಲ, ಗಿರಾಕಿಗಳೂ ಬಿಟ್ಟುಹೋಗಿರಲಿಲ್ಲ. ದರ ನಿಗದಿಯಾಗಿದ್ದು ಪ್ರಮಾಣಕ್ಕೆ ಮಿತಿಯಿಲ್ಲದ ಒಂದು ಖರೀದಿ ಒಪ್ಪಂದ, ಸಾಲ ದುರ್ಲಭವಾದ ಕಾಲದಲ್ಲಿ ಅವರ ಕೊರಳಿಗೆ ಬಿತ್ತು. ರಫ್ತಿಗಾಗಿ ಮಿಡಿಸೌತೆಯನ್ನು ಒಪ್ಪಂದದ ಮೇಲೆ ಬೆಳೆಸುವ ಪದ್ಧತಿ ನಮ್ಮ ಕರ್ನಾಟಕದಲ್ಲಿಯೂ ದೊಡ್ಡದಾಗಿ ಬೆಳೆದಿರುವುದರಿಂದ, ಈ ಅಪಾಯವನ್ನು ನಾವು ಹಳೆಯ ಕಾಲದ್ದೆಂದು ಪಕ್ಕಕ್ಕೆ ಸರಿಸುವಂತಿಲ್ಲ. ನಿಮ್ಮ ಘಟಕ ಯಾಕೆ ಮುಚ್ಚಿತೆಂದು ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಹೊಸದನ್ನು ಆರಂಭಿಸುವ ಮುಂಚೆ ಆ ಒಂದು ಸಾಲು ನಾಲ್ಕು ಪುಟವಾಗಬೇಕು, ಏಕೆಂದರೆ ಸರಕಿನಿಂದ ಬಂದ ಸೋಲಿಗೂ ಪಾವತಿಯ ವಾಯಿದೆಗಳಿಂದ ಬಂದ ಸೋಲಿಗೂ ಪರಿಹಾರ ಬೇರೆ ಬೇರೆ.

1876ರ ಆರಂಭದಲ್ಲಿಯೇ ಹೈಂಜ್ ಮತ್ತೆ ಕೆಲಸಕ್ಕೆ ನಿಂತರು. ಇನ್ನೂ ಋಣಮುಕ್ತಿ ಸಿಗದ ದಿವಾಳಿಯಾಗಿದ್ದುದರಿಂದ ಒಡೆತನ ಅವರ ಹೆಸರಿಗೆ ಬರುವಂತಿರಲಿಲ್ಲ. ಸೋದರ ಜಾನ್ ಮತ್ತು ದಾಯಾದಿ ಫ್ರೆಡರಿಕ್ ಅವರ ಹೆಸರಿನಲ್ಲಿ ‘ಎಫ್. ಅಂಡ್ ಜೆ. ಹೈಂಜ್’ ಸಂಸ್ಥೆ ಹುಟ್ಟಿತು, ಹೆನ್ರಿ ಅಲ್ಲಿ ಸಂಬಳಕ್ಕೆ ದುಡಿಯುವ ವ್ಯವಸ್ಥಾಪಕರಾದರು. ಕೆಚಪ್ ಬಂದದ್ದೂ ಅದೇ ವರ್ಷ. ಇದರ ಜೊತೆಗೆ ಅವರು ಇಟ್ಟುಕೊಂಡ ಒಂದು ಚಿಕ್ಕ ಪುಸ್ತಕವನ್ನು ನಾನು ಇಡೀ ಚರಿತ್ರೆಯ ತಿರುಳೆಂದು ಭಾವಿಸುತ್ತೇನೆ. ‘ನೈತಿಕ ಹೊಣೆ’ ಎಂಬ ಅರ್ಥದ ಎರಡು ಇಂಗ್ಲಿಷ್ ಅಕ್ಷರಗಳನ್ನು ಹೊತ್ತಿದ್ದ ಆ ಪುಸ್ತಕದಲ್ಲಿ ಹಳೆಯ ಸಂಸ್ಥೆ ಯಾರಿಗೆ ಎಷ್ಟು ಕೊಡಬೇಕೆಂಬ ಪಟ್ಟಿಯಿತ್ತು. ಕಾನೂನು ಬಿಟ್ಟುಬಿಡುತ್ತಿದ್ದ ಬಾಕಿಯನ್ನೂ ಅವರು ಮುಂದಿನ ವರ್ಷಗಳಲ್ಲಿ ತೀರಿಸಿದರು. ಅದು ಧರ್ಮದ ಮಾತಷ್ಟೇ ಅಲ್ಲ, ವ್ಯಾಪಾರದ ಮಾತೂ ಹೌದು. ಬ್ಯಾಂಕು ನಂಬದ ಮನುಷ್ಯನಿಗೆ ಮತ್ತೆ ಉದ್ರಿ ಕೊಡಬಲ್ಲವರು ಹಳೆಯ ಪೂರೈಕೆದಾರರೇ, ಮತ್ತು ಅವರು ಪರಸ್ಪರ ಮಾತಾಡಿಕೊಳ್ಳುವವರು.

ಪತ್ನಿಯ ಹೆಸರಿನ ವಿಚಾರಕ್ಕೆ ಬರುತ್ತೇನೆ, ಏಕೆಂದರೆ ಇಲ್ಲಿಯೇ ಹಲವರು ಎಡವುವುದನ್ನು ನೋಡಿದ್ದೇನೆ. ಹೈಂಜ್ ಕುಟುಂಬದವರ ಹೆಸರಿನಲ್ಲಿ ಆರಂಭಿಸಿದರೂ ಮರೆಯಲ್ಲಿ ನಿಲ್ಲಲಿಲ್ಲ, ಸಂಸ್ಥೆ ನಡೆಸುತ್ತಿರುವವರು ಯಾರೆಂಬುದು ಊರಿಗೇ ಗೊತ್ತಿತ್ತು. ನೀವೂ ಬಾಕಿ ಕೊಡಬೇಕಾದವರಿಗೆ ಮೊದಲೇ ತಿಳಿಸಿ, ಕಂತಿನ ಮಾತಾಡಿ, ಆಮೇಲೆ ಪತ್ನಿಯವರ ಹೆಸರಿನಲ್ಲಿ ನೋಂದಾಯಿಸಿದರೆ ಅದು ನೇರವಾದ ವ್ಯವಹಾರ. ಹಳೆಯ ಯಂತ್ರಗಳನ್ನು ಸದ್ದಿಲ್ಲದೆ ಅವರ ಹೆಸರಿಗೆ ದಾಟಿಸಿದರೆ ಅದು ಸಾಲ ಕೊಟ್ಟವರನ್ನು ವಂಚಿಸಿದಂತೆ, ಮತ್ತು ನ್ಯಾಯಾಲಯ ಆ ವರ್ಗಾವಣೆಯನ್ನು ರದ್ದುಮಾಡಬಹುದು. ಪಾಲುದಾರಿಕೆಯ ಸಾಲಕ್ಕೆ ಪಾಲುದಾರರ ಸ್ವಂತ ಆಸ್ತಿಯೂ ಹೊಣೆ ಎಂಬುದನ್ನು ನೆನಪಿಡಿ. ಘಟಕ ಮುಚ್ಚಿದ ಮಾತ್ರಕ್ಕೆ ನೀವು ಕಾನೂನಿನ ದೃಷ್ಟಿಯಲ್ಲಿ ದಿವಾಳಿಯಲ್ಲ. ಅದಕ್ಕೆ ನ್ಯಾಯಾಲಯದ ಆದೇಶ ಬೇಕು. ಹಾಗೆ ಘೋಷಿತರಾದವರು ಋಣಮುಕ್ತಿಯ ಆದೇಶ ಸಿಗುವವರೆಗೆ, 2013ರ ಕಂಪನಿ ಕಾಯ್ದೆಯಂತೆ, ಯಾವ ಕಂಪನಿಗೂ ನಿರ್ದೇಶಕರಾಗುವಂತಿಲ್ಲ. ಆದ್ದರಿಂದ ದಿವಾಳಿಯ (ಪಾಪರ್) ಅರ್ಜಿ ಹಾಕಿಬಿಡಿ ಎಂದು ಯಾರೋ ಸುಲಭವಾಗಿ ಹೇಳಿದರೆ, ಕಾಗದಪತ್ರಗಳನ್ನು ಒಬ್ಬ ವಕೀಲರಿಗೆ ತೋರಿಸದೆ ಆ ದಾರಿ ಹಿಡಿಯಬೇಡಿ.

ಎರಡನೆಯ ಸಂಸ್ಥೆ ಬಾಳಿಕೆ ಬಂದದ್ದಕ್ಕೆ ಕಾರಣ ಹುಡುಕಿದರೆ, ‘57 ಬಗೆ’ ಎಂಬ 1896ರ ಪ್ರಸಿದ್ಧ ಜಾಹೀರಾತಿಗಿಂತ ನನಗೆ ಮುಖ್ಯವಾಗಿ ಕಾಣುವುದು ಅವರು ಆ ಪಾರದರ್ಶಕ ಬಾಟಲಿಯನ್ನು ಬಿಡದಿದ್ದದ್ದು. 1888ರಲ್ಲಿ ಹೈಂಜ್ ಸಂಸ್ಥೆಯ ಹಿಡಿತವನ್ನು ಪಡೆದು ತಮ್ಮ ಹೆಸರನ್ನಿಟ್ಟರು. ಕಾರ್ಖಾನೆಯ ಬಾಗಿಲನ್ನು ಸಾರ್ವಜನಿಕರು ಬಂದು ನೋಡುವಂತೆ ತೆರೆದಿಟ್ಟರು. ಬಹುಪಾಲು ಆಹಾರ ತಯಾರಕರು ಸರ್ಕಾರದ ನಿಯಂತ್ರಣವನ್ನು ವಿರೋಧಿಸುತ್ತಿದ್ದಾಗ, ಅವರ ಸಂಸ್ಥೆ 1906ರ ಶುದ್ಧ ಆಹಾರ ಕಾಯ್ದೆಯನ್ನು ಬೆಂಬಲಿಸಿತು, ಬೆಂಜೋಯೇಟ್ ಎಂಬ ಸಂರಕ್ಷಕವಿಲ್ಲದ ಕೆಚಪ್ ತಯಾರಿಸಿತು. ಅವರು 1919ರಲ್ಲಿ ತೀರಿಕೊಂಡರು. ಸಂಸ್ಥೆ 2015ರಲ್ಲಿ ಕ್ರಾಫ್ಟ್ ಎಂಬ ಆಹಾರ ಕಂಪನಿಯ ಜೊತೆ ವಿಲೀನವಾಗುವವರೆಗೂ ಅದೇ ಹೆಸರಿನಲ್ಲಿ ನಡೆಯಿತು. ನಮ್ಮ ಮನೆಗಳ ಕಾಂಪ್ಲಾನ್ ಕೂಡ ಬಹಳ ವರ್ಷ ಅವರ ಸಂಸ್ಥೆಯ ಭಾರತೀಯ ಶಾಖೆಯದಾಗಿತ್ತು.

ಒಂದು ಎಚ್ಚರಿಕೆಯನ್ನು ಹೇಳದಿದ್ದರೆ ಈ ಉತ್ತರ ಪ್ರಾಮಾಣಿಕವಾಗದು. ಹೈಂಜ್ ಅವರ ಬೆನ್ನಿಗೆ ಬಂಡವಾಳ ಕೊಟ್ಟ ಕುಟುಂಬವಿತ್ತು. ಅದೇ ಬಿಕ್ಕಟ್ಟಿನಲ್ಲಿ ಮುಳುಗಿದ ಅಸಂಖ್ಯ ವ್ಯಾಪಾರಿಗಳಿಗೆ ಅದಿರಲಿಲ್ಲ, ಅವರ ಹೆಸರು ನಮಗೆ ತಿಳಿಯುವುದೂ ಇಲ್ಲ. ನಿಮ್ಮ ಪತ್ನಿಯವರ ಉಳಿತಾಯವನ್ನೋ ಒಡವೆಯನ್ನೋ ತೊಡಗಿಸುವ ಮಾತಿದ್ದರೆ, ಸಂಸಾರದ ಒಂದು ವರ್ಷದ ಖರ್ಚನ್ನು ಅದರಿಂದ ಹೊರಗಿಟ್ಟ ಮೇಲೆಯೇ ಉಳಿದದ್ದನ್ನು ಬಂಡವಾಳವೆಂದು ಎಣಿಸಿ. ಬಾಕಿಯ ಪಟ್ಟಿಯಲ್ಲಿ ಮಿಡಿ ಕೊಟ್ಟ ಸಣ್ಣ ರೈತರಿದ್ದರೆ ಮೊದಲ ಕಂತು ಅವರಿಗೆ ಹೋಗಲಿ, ಏಕೆಂದರೆ ದೊಡ್ಡ ಎಣ್ಣೆ ವ್ಯಾಪಾರಿ ತಡೆದುಕೊಂಡಷ್ಟು ದಿನ ಅವರು ತಡೆದುಕೊಳ್ಳಲಾರರು. ಮುಂದಿನ ಮಿಡಿಯ ಹಂಗಾಮಿಗೆ ಅವರೊಡನೆ ಒಪ್ಪಂದ ಬರೆಯುವಾಗ, ಕಿಲೋಗೆ ಇಷ್ಟು ಎಂಬುದರ ಪಕ್ಕದಲ್ಲಿಯೇ ಹೆಚ್ಚೆಂದರೆ ಎಷ್ಟು ಕಿಲೋ ಕೊಳ್ಳುತ್ತೀರಿ ಎಂಬುದನ್ನೂ ಬರೆಯಿಸಿ.