ಜಾಹೀರಾತು ಎಣಿಸಿ ಕೋರ್ಸ್ ಬದಲಿಸಬಹುದಾ?

ಪ್ರಶ್ನೆ: ನಾನು ತರಬೇತಿ ಕೇಂದ್ರವೊಂದರಲ್ಲಿ ಪಾಠ ಮಾಡುತ್ತೇನೆ. ಮುಂದೆ ಯಾವ ಕೋರ್ಸ್ ಇಡಬೇಕು, ಯಾವುದನ್ನು ಕೈಬಿಡಬೇಕು ಎಂದು ತಿಳಿಯಲು ಆನ್‌ಲೈನ್ ಕೆಲಸದ ಜಾಹೀರಾತುಗಳನ್ನು ಕಲೆಹಾಕಿ, ಯಾವ ಸ್ಕಿಲ್ ಎಷ್ಟು ಸಲ ಬಂದಿದೆ ಎಂದು ಎಣಿಸಿದ್ದೇವೆ. ‘ಕಮ್ಯುನಿಕೇಶನ್’ ಎಲ್ಲಕ್ಕಿಂತ ಮೇಲಿದೆ, ಎಐ ಬಹಳ ಜಾಸ್ತಿಯಾಗಿದೆ. ಇದನ್ನು ನಂಬಬಹುದಾ?

ಉತ್ತರ: ಜಾಹೀರಾತನ್ನು ನಂಬಿ, ಒಟ್ಟು ಎಣಿಕೆಯನ್ನು ಈಗಲೇ ನಂಬಬೇಡಿ. ಮೊದಲು ಎಐ ಎಂದು ಲೆಕ್ಕಕ್ಕೆ ಬಂದ ಒಂದಷ್ಟು ಜಾಹೀರಾತುಗಳನ್ನು ಕೂತು ಪೂರ್ತಿ ಓದಿ. ಎಐ ಸಾಫ್ಟ್‌ವೇರ್ ಮಾಡುವ ಕಂಪನಿಗೆ ರಿಸೆಪ್ಷನಿಸ್ಟ್ ಬೇಕಾಗಿರುತ್ತಾರೆ ಅಂದುಕೊಳ್ಳಿ. ಮೇಲಿನ ನಾಲ್ಕು ಸಾಲು ಕಂಪನಿಯ ಪರಿಚಯ, ಅದರ ತುಂಬ ಎಐ. ಕೆಳಗೆ ಕೆಲಸ ಏನು ಅಂತ ನೋಡಿದರೆ ಫೋನ್ ತೆಗೆಯುವುದು, ಬಂದವರನ್ನು ಕೂರಿಸುವುದು, ಕೊರಿಯರ್ ಬಂದರೆ ಬರೆದಿಡುವುದು. ಬರೀ ಪದ ಹುಡುಕುವ ಪ್ರೋಗ್ರಾಂಗೆ ಈ ವ್ಯತ್ಯಾಸ ಗೊತ್ತಾಗುವುದಿಲ್ಲ, ಇದನ್ನೂ ಎಐ ಕೆಲಸ ಎಂದೇ ಸೇರಿಸಿಬಿಡುತ್ತದೆ. ‘ಆರ್’ ಎಂಬ ಪ್ರೋಗ್ರಾಮಿಂಗ್ ಭಾಷೆ ಹುಡುಕಿದರೆ ‘ಆರ್ ಅಂಡ್ ಡಿ’ (ಸಂಶೋಧನೆ ಮತ್ತು ಅಭಿವೃದ್ಧಿ) ವಿಭಾಗದ ಜಾಹೀರಾತುಗಳೂ ಬಂದು ಬೀಳುತ್ತವೆ. ಜತೆಗೆ ಒಂದೇ ಹುದ್ದೆ ನಾಲ್ಕಾರು ತಾಣಗಳಲ್ಲಿ ಇರುತ್ತದೆ, ಭರ್ತಿಯಾದ ಮೇಲೂ ಹಾಗೇ ಉಳಿದಿರುತ್ತದೆ. ಆದ್ದರಿಂದ ಕಂಪನಿ ಪರಿಚಯದ ಭಾಗ ತೆಗೆಯಿರಿ, ನಕಲು ತೆಗೆಯಿರಿ, ಆಮೇಲೆ ಎಣಿಸಿ.

ಇದಕ್ಕಿಂತ ಮುಖ್ಯವಾದದ್ದು ನೀವು ಏನನ್ನು ಏನರ ಜತೆ ಹೋಲಿಸುತ್ತೀರಿ ಅನ್ನುವುದು. ಅಮೆರಿಕದಲ್ಲಿ ಕಾನ್ಫರೆನ್ಸ್ ಬೋರ್ಡ್ ಎಂಬ ಸಂಸ್ಥೆ ಪತ್ರಿಕೆಗಳ ‘ಬೇಕಾಗಿದ್ದಾರೆ’ ಜಾಹೀರಾತು ಎಣಿಸಿ ಮಾಡುತ್ತಿದ್ದ ಸೂಚ್ಯಂಕ 1951ರಿಂದ ಸಿಗುತ್ತದೆ. ಅದಕ್ಕೆ ಬೇಕಿದ್ದದ್ದು ಕೆಲಸ ಹೆಚ್ಚಿದೆಯಾ, ಕಡಿಮೆಯಾಗಿದೆಯಾ ಅಷ್ಟೇ, ಅದಕ್ಕೆ ಒಟ್ಟು ಸಂಖ್ಯೆ ಸಾಕು. ನಿಮಗೆ ಬೇಕಿರುವುದು ಕೆಲಸದ ಒಳಗಿನ ಬದಲಾವಣೆ, ಅಲ್ವಾ? ಹಾಗಾದರೆ ಒಂದೇ ಹುದ್ದೆಯನ್ನು ಹಿಡಿದುಕೊಳ್ಳಿ. ಅಕೌಂಟೆಂಟ್ ಅಂದರೆ ಅಕೌಂಟೆಂಟ್ ಮಾತ್ರ. ಮೂರು ವರ್ಷದ ಹಿಂದೆ ಅಂಥ ನೂರು ಜಾಹೀರಾತಿನಲ್ಲಿ ಎಷ್ಟು ಜನ ಡೇಟಾ ಅನಾಲಿಸಿಸ್ ಕೇಳುತ್ತಿದ್ದರು, ಈಗ ಎಷ್ಟು ಜನ ಕೇಳುತ್ತಿದ್ದಾರೆ ಎಂದು ನೋಡಿ. ಹೀಗೆ ನೋಡಿದರೆ ‘ಕಮ್ಯುನಿಕೇಶನ್’ ಅಷ್ಟು ದೊಡ್ಡದಾಗಿ ಕಾಣುವುದಿಲ್ಲ, ಯಾಕೆಂದರೆ ಅದು ಆಗಲೂ ಹೆಚ್ಚುಕಮ್ಮಿ ಎಲ್ಲದರಲ್ಲೂ ಇತ್ತು, ಈಗಲೂ ಇದೆ.

ಇನ್ನೊಂದು ಮಾತು. ಜಾಹೀರಾತು ಕಂಪನಿಯವರ ಆಸೆಯ ಪಟ್ಟಿ, ಕೊನೆಗೆ ಯಾರನ್ನು ತೆಗೆದುಕೊಂಡರು ಅನ್ನುವುದು ಅದರಲ್ಲಿ ಇರುವುದಿಲ್ಲ. ಅರ್ಜಿ ಹಾಕುವವರು ಜಾಸ್ತಿಯಾದಾಗ ಪಟ್ಟಿಯೂ ಉದ್ದವಾಗಬಹುದು. ಬ್ರಾಡ್ ಹರ್ಷ್‌ಬೈನ್, ಲೀಸಾ ಕಾನ್ ಎಂಬ ಅರ್ಥಶಾಸ್ತ್ರಜ್ಞರು ಅಮೆರಿಕದ ಆನ್‌ಲೈನ್ ಜಾಹೀರಾತುಗಳನ್ನು ಪರಿಶೀಲಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. 2008ರ ಸುಮಾರಿನ ಆರ್ಥಿಕ ಹಿಂಜರಿತದಲ್ಲಿ ಜಾಸ್ತಿ ಪೆಟ್ಟು ತಿಂದ ಊರುಗಳಲ್ಲಿ ಓದು, ಅನುಭವ, ಕಂಪ್ಯೂಟರ್ ಜ್ಞಾನ ಎಲ್ಲವನ್ನೂ ಹೆಚ್ಚು ಕೇಳತೊಡಗಿದ್ದರು. ಕೆಲಸದ ಮಾರುಕಟ್ಟೆ ಸುಧಾರಿಸುತ್ತಾ ಬಂದರೂ 2015ರ ಹೊತ್ತಿಗೂ ಅದು ಇಳಿದಿರಲಿಲ್ಲ. ಬರೀ ಅರ್ಜಿಗಳ ಸಂಖ್ಯೆಯಿಂದ ಆಗಿದ್ದರೆ ಇಳಿಯಬೇಕಿತ್ತು, ಕೆಲಸದ ರೀತಿಯೇ ಬದಲಾಗಿದೆ ಎಂದು ಅವರು ವಾದಿಸಿದರು. ನೀವೂ ಒಂದೇ ವರ್ಷದ ಏರಿಕೆ ನೋಡಿ ಕೋರ್ಸ್ ಬದಲಿಸಬೇಡಿ, ಅದು ಮುಂದೆಯೂ ಉಳಿಯುತ್ತದಾ ಎಂದು ನೋಡಿ. ಮಕ್ಕಳ ಒಂದು ವರ್ಷ, ಅವರ ಫೀಸು, ಎರಡೂ ನಿಮ್ಮ ಕೈಲಿವೆ.

ಪ್ರಶ್ನೆ: ಹಾಗಾದರೆ ಜಾಹೀರಾತಿನಲ್ಲಿ ಕಾಣದ ಸ್ಕಿಲ್‌ಗೆ ಬೇಡಿಕೆ ಇಲ್ಲ ಅಂತಲಾ?

ಉತ್ತರ: ಖಂಡಿತ ಅಲ್ಲ. ಎಲ್ಲರಿಗೂ ಬರುತ್ತದೆ ಅಂದುಕೊಂಡದ್ದನ್ನು ಯಾರೂ ಬರೆಯುವುದಿಲ್ಲ. ಇಮೇಲ್ ಕಳಿಸಲು ಬರಬೇಕು ಎಂದು ಈಗ ಯಾರು ಬರೆಯುತ್ತಾರೆ ಹೇಳಿ! ಇನ್ನು ವೆಲ್ಡಿಂಗ್, ವೈರಿಂಗ್, ಮರಗೆಲಸ, ಹೊಲಿಗೆಯಂಥ ಕೆಲಸಗಳಿಗೆ ಎಷ್ಟೋ ಜನ ಪರಿಚಯದವರ ಮೂಲಕವೇ ಸಿಗುತ್ತಾರೆ, ಆನ್‌ಲೈನ್‌ಗೆ ಬರುವುದೇ ಇಲ್ಲ. ಬರೀ ಆನ್‌ಲೈನ್ ಎಣಿಕೆ ನೋಡಿ ವೆಲ್ಡಿಂಗ್ ಕೋರ್ಸ್ ಮುಚ್ಚಿದರೆ ಅದು ಆ ಹುಡುಗರಿಗೆ ಮಾಡುವ ಅನ್ಯಾಯ. ಇಂಥ ಕಡೆ ನೇರವಾಗಿ ವರ್ಕ್‌ಶಾಪ್‌ಗೆ ಹೋಗಿ ಮಾಲೀಕರನ್ನು ಕೇಳಿ. ‘ಯಾವ ಸ್ಕಿಲ್ ಬೇಕು’ ಎಂದು ಕೇಳಿದರೆ ಮತ್ತದೇ ಆಸೆಯ ಪಟ್ಟಿ ಸಿಗುತ್ತದೆ. ಕೊನೆಯದಾಗಿ ಸೇರಿದ ಹುಡುಗನಿಗೆ ಏನು ಬರುತ್ತಿರಲಿಲ್ಲ, ಅದನ್ನು ಯಾರು ಕಲಿಸಿದರು, ಎಷ್ಟು ದಿನ ಹಿಡಿಯಿತು ಎಂದು ಕೇಳಿ.