ಪ್ರತಿಕ್ರಿಯೆ: ಕೋಥ್ರೂಡ್ ಕ್ಲಬ್‌ಹೌಸಿನಲ್ಲಿ ರಾಕಿ ಹಾರರ್, ಅಕ್ಕಿ-ನೀರು ಎರಡೂ ಬಳಸಬಹುದೇ?

ಪುಣೆಯ ಕೋಥ್ರೂಡ್‌ನಲ್ಲಿ ನಲವತ್ತು ಕನ್ನಡ ಗೆಳೆಯರಿಗೆ 'ದಿ ರಾಕಿ ಹಾರರ್ ಪಿಕ್ಚರ್ ಶೋ' (1975) ತೋರಿಸುವಾಗ ಅಕ್ಕಿ, ನೀರು ಎರಡೂ ಇರಲಿ ಅಂತೀರಿ. ಈ ಸಂಗೀತಮಯ ಚಿತ್ರ ನೋಡುವವರು ದೃಶ್ಯಕ್ಕೆ ತಕ್ಕಂತೆ ಸಾಮಾನು ಎಸೆದು, ಮಾತು ಕೂಗಿ, ಕುಣಿಯುವುದು ವಾಡಿಕೆ. ನೀರನ್ನು ಬಿಡಿ. ಅಕ್ಕಿ ಎರಚುವ ಮದುವೆ ದೃಶ್ಯ ಶುರುವಿನಲ್ಲೇ ಇದೆ. ಸ್ವಲ್ಪ ಹೊತ್ತಿಗೇ ಚಿತ್ರದ ಜೋಡಿ ಬ್ರಾಡ್, ಜಾನೆಟ್ ಮಳೆಯಲ್ಲಿ ನಡೆಯುತ್ತಾರೆ, ಆಗ ಪ್ರೇಕ್ಷಕರು ವಾಟರ್ ಗನ್‌ನಿಂದ ನೀರು ಹಾರಿಸುತ್ತಾರೆ. ಟೈಲ್ಸ್ ಮೇಲೆ ಒದ್ದೆ ಅಕ್ಕಿ, ಅದರ ಬೆನ್ನಿಗೇ 'ಟೈಮ್ ವಾರ್ಪ್' ಹಾಡಿಗೆ ಎಲ್ಲರ ಕುಣಿತ: ಯಾರಾದರೂ ಜಾರಿ ಬೀಳುವುದು ಖಂಡಿತ.

ಅಕ್ಕಿ ಉಳಿಸಿಕೊಳ್ಳಿ, ತಲಾ 50 ಗ್ರಾಂನಂತೆ 2 ಕಿಲೋ. ಮೇಲಕ್ಕೆ ಎರಚಲಿ, ಪರದೆಯತ್ತ ಬೇಡ. ಅಕ್ಕಿ ಬದಲು ಮಂಡಕ್ಕಿ ಹಗುರ ನಿಜ, ಆದರೆ ತುಳಿದರೆ ಪುಡಿಯಾಗಿ ಚಪ್ಪಲಿಗೆ ಮೆತ್ತಿಕೊಳ್ಳುತ್ತದೆ. ಮಳೆಗೆ ರದ್ದಿ ಪೇಪರ್ ತಲೆ ಮೇಲೆ ಹಿಡಿದರೆ ಸಾಕು, ಜಾನೆಟ್ ಮಾಡುವುದೂ ಅದನ್ನೇ. 'ಬೆಳಕಿದೆ' ಎನ್ನುವ ಹಾಡಿಗೆ ಲೈಟರ್ ಬೇಡವೇ ಬೇಡ, ಮೊಬೈಲ್ ಟಾರ್ಚ್.

"ಗ್ರೇಟ್ ಸ್ಕಾಟ್!" ಎಂದಾಗ ಎಸೆಯುವ ಟಾಯ್ಲೆಟ್ ರೋಲಿನ ರಟ್ಟಿನ ಕೊಳವೆ ತೆಗೆದಿಡಿ. ಊಟದ ದೃಶ್ಯದಲ್ಲಿ ಎಸೆಯುವ ಟೋಸ್ಟಿಗೆ ಬೆಣ್ಣೆ ಹಚ್ಚಬೇಡಿ!

ಸಾಮಾನಿಗಿಂತ ಮುಖ್ಯ: ಪ್ರೇಕ್ಷಕರು ಪರದೆಯತ್ತ ಕೂಗುವ ಸಾಲುಗಳು ಬಾಯಿಪಾಠ ಇರುವ ಇಬ್ಬರನ್ನು ಮುಂದೆ ಕೂರಿಸಿ. ಇಲ್ಲದಿದ್ದರೆ ಹೊಸಬರು ಸುಮ್ಮನೆ ಕೂರುತ್ತಾರೆ. ಗದ್ದಲದಲ್ಲಿ ಮಾತು ಕೇಳಿಸದು, ಸಬ್‌ಟೈಟಲ್ ಹಾಕಿ. ಇದು ದೊಡ್ಡವರ ಚಿತ್ರ, ಮಕ್ಕಳನ್ನು ಕರೆಯಬೇಡಿ. ಡಿಸ್ಕ್ ಕೊಂಡರೆ ಸಾರ್ವಜನಿಕ ಪ್ರದರ್ಶನದ ಹಕ್ಕು ಸಿಗದು. ಅದಕ್ಕೆ ಬೇರೆ ಅನುಮತಿ ಬೇಕು.